ಹುಳು, ಹೂವು ಮತ್ತು ರಮ್ಮು

ಡಿಸೆಂಬರ್ ಮಧ್ಯದಲ್ಲಿ ಮಂಗಳೂರಿನ ಕ್ಯಾಥೊಲಿಕ್ ಮನೆಗೆ ಹೋದವರಿಗೆ ಕೂರಲು ಕುರ್ಚಿ ಸಿಗುವ ಮೊದಲೇ ಕೈಗೊಂದು ಫೋರ್ಕ್ ಸಿಗಬಹುದು. ಕುಸ್ವಾರ್ ತಯಾರಿ ನಡೆದಿದೆ, ಸುಮ್ಮನೆ ಕುಳಿತವರಿಗೆ ಕಾಫಿಯಿಲ್ಲ!

ಕುಸ್ವಾರ್ ಎಂದರೆ ಒಂದು ತಿಂಡಿಯಲ್ಲ, ಕ್ರಿಸ್‌ಮಸ್‌ಗೆ ಮಾಡಿ ನೆರೆಹೊರೆಗೆ ಹಂಚುವ ತಿಂಡಿಗಳ ದಂಡು. ಅದರಲ್ಲಿ ಮಕ್ಕಳ ಪಾಲಿನ ಕೆಲಸ ಕಿಡ್ಯೊ. ಕೊಂಕಣಿಯಲ್ಲಿ ಹಾಗೆಂದರೆ ಹುಳುಗಳು. ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಬಾಚಣಿಗೆಗೋ (ಹೊಸದೇ, ಗಾಬರಿ ಬೇಡ) ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕ ಹಿಡಿಸುತ್ತಾರೆ. ಮೊಮ್ಮಗನ ಹುಳು ಹಾವಿನ ಮರಿಯಷ್ಟಾದರೂ ಅಜ್ಜಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಅವರ ಕಣ್ಣೆಲ್ಲ ಗುಲಾಬಿ ಹೂವಿನಂಥ ಕೊಕ್ಕಿಸಾಂ ಮೇಲೆ. ಅಚ್ಚು ಮೊದಲು ಎಣ್ಣೆಯಲ್ಲಿ ಕಾಯಬೇಕು. ಹಿಟ್ಟಿನಲ್ಲಿ ಮುಕ್ಕಾಲು ಪಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿತೋ, ಹೂವು ಅಚ್ಚು ಬಿಟ್ಟು ಬರಲು ಒಲ್ಲೆನ್ನುತ್ತದೆ. ಸೊಸೆ ಅಳತೆ ಕೇಳಿದರೆ ಒಂದೇ ಉತ್ತರ: “ಕೈಗೆ ಗೊತ್ತಾಗ್ತದೆ.” ಕೈಗೆ ಗೊತ್ತಾಗಲು ಹತ್ತು ಕ್ರಿಸ್‌ಮಸ್ ಬೇಕು.

ಕೇಕಿನದು ಬೇರೆಯೇ ಕಥೆ. ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಯೂ ಪ್ಲಮ್ಮೇ. ಆ ದ್ರಾಕ್ಷಿ ವಾರಗಟ್ಟಲೆ ರಮ್ಮಿನಲ್ಲಿ ನೆನೆಯುತ್ತದೆ. ವರ್ಷವಿಡೀ ಕುಡಿತವನ್ನು ಬೈಯುವ ದೊಡ್ಡಮ್ಮ ಎರಡನೇ ತುಂಡಿಗೆ ಕೈಚಾಚುವುದು ದ್ರಾಕ್ಷಿಯ ಮೇಲಿನ ಪ್ರೀತಿಯಿಂದಲೇ ಇರಬೇಕು.

ಈಗ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣ ಸಿದ್ಧವಾಗಿಯೇ ಸಿಗುತ್ತದೆ. ಗಲ್ಫಿಗೆ ಮರಳುವ ಮಗನ ಸೂಟ್‌ಕೇಸಿನಲ್ಲಿ ಮಾತ್ರ ಮೊದಲು ಕೂರುವುದು ಮನೆಯ ಡಬ್ಬಿ. ಬಟ್ಟೆಬರೆ ಉಳಿದ ಜಾಗದಲ್ಲಿ.