ಟೆರಾಬೈಟ್ ರಾಯರು

ಲ್ಯಾಪ್‌ಟಾಪಿನ ಸಿ ಡ್ರೈವ್ ಕೆಂಪಗಾಯಿತೆಂದರೆ ನಮ್ಮ ಅಪಾರ್ಟ್‌ಮೆಂಟಿನವರು ಅಂಗಡಿಗೆ ಹೋಗುವುದಿಲ್ಲ, ಎರಡನೇ ಮಹಡಿಯ ರಾಯರ ಮನೆಗೆ ಹೋಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಲೆಡ್ಜರಿನ ಮೇಲಿದ್ದ ಭಕ್ತಿಯನ್ನೆಲ್ಲ ರಾಯರು ಹಾರ್ಡ್ ಡಿಸ್ಕಿಗೆ ವರ್ಗಾಯಿಸಿದ್ದಾರೆ. "ಯಾವ ಡಿಸ್ಕ್ ತಗೊಳ್ಳಲಿ ಸಾರ್?" ಎಂದು ಕೇಳಿದರೆ ಅವರು ಶುರು ಮಾಡುವುದು 1956ರಿಂದ. ಆ ವರ್ಷ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು, ತೂಕ ಹತ್ತಿರಹತ್ತಿರ ಒಂದು ಟನ್, ಹಿಡಿಸುತ್ತಿದ್ದುದು ಈಗಿನ ಲೆಕ್ಕದಲ್ಲಿ 4 ಎಂಬಿಯೂ ಇಲ್ಲ. "ನಿಮ್ಮ ಮೊಮ್ಮಗಳ ಒಂದು ಫೋಟೋ ಹಾಕಿದ್ರೆ ಮುಗೀತು. ಎರಡನೇ ಫೋಟೋಗೆ ಇನ್ನೊಂದು ಲಾರಿ ತರಿಸಬೇಕಿತ್ತು!" ಕಾಫಿ ಆರುವ ಹೊತ್ತಿಗೆ ನಾವಿನ್ನೂ ಫ್ಲಾಪಿಯ ಕಾಲದಲ್ಲಿರುತ್ತೇವೆ.

ಅವರನ್ನು ಜೊತೆಗೆ ಎಸ್.ಪಿ. ರೋಡಿಗೆ ಕರೆದೊಯ್ದರಂತೂ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. 1 ಟಿಬಿ ಎಂದು ಬರೆದ ಡಿಸ್ಕನ್ನು ಅಂಗಡಿಯಲ್ಲೇ ಚುಚ್ಚಿಸಿ ನೋಡುತ್ತಾರೆ. ವಿಂಡೋಸ್ 931 ಜಿಬಿ ಎನ್ನುತ್ತದೆ. "ಮಿಕ್ಕ 69 ಎಲ್ಲಿ?" ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಂಬುದು ರಾಯರಿಗೆ ಗೊತ್ತಿಲ್ಲದ್ದೇನಲ್ಲ, ನಮಗೆಲ್ಲ ವಿವರಿಸಿದವರೇ ಅವರು. ಆದರೂ ಕೇಳುತ್ತಾರೆ. ಪ್ರತಿ ಅಂಗಡಿಯಲ್ಲೂ ಕೇಳುತ್ತಾರೆ. ಕೇಳಿದ್ದಕ್ಕೆ ಒಂದು ಪೌಚ್ ಪುಕ್ಕಟೆ ಸಿಗುತ್ತದೆ.

ಸಲಹೆಯಲ್ಲಿ ಮಾತ್ರ ಎತ್ತಿ ಆಡುವಂಥದ್ದೇನಿಲ್ಲ. ಚೀಲದಲ್ಲಿ ಹಾಕಿಕೊಂಡು ಓಡಾಡುವವರಿಗೆ ಎಸ್‌ಎಸ್‌ಡಿ: ಒಳಗೆ ತಿರುಗುವ ಭಾಗವೇ ಇಲ್ಲ, ಬಿದ್ದರೂ ಬದುಕುವ ಸಂಭವ ಹೆಚ್ಚು. ಮನೆಯಲ್ಲೇ ಇಟ್ಟು ಮದುವೆ ವಿಡಿಯೋ ತುಂಬುವವರಿಗೆ ತಿರುಗುವ ಡಿಸ್ಕೇ ಸಾಕು, ಅದೇ ದುಡ್ಡಿಗೆ ಜಾಗ ಜಾಸ್ತಿ. ಸಾವಿರ ರೂಪಾಯಿಗೆ 16 ಟಿಬಿ ಎಂದು ಜಾಹೀರಾತು ಕಂಡರೆ ಫೋನು ಪಕ್ಕಕ್ಕಿಡಿ, ಅದರ ಡಬ್ಬಿಯೊಳಗೆ ಕೂತಿರುವುದು ಒಂದು ಬಡಪಾಯಿ ಮೆಮೊರಿ ಕಾರ್ಡು. ಇಷ್ಟೆಲ್ಲ ಹೇಳುವ ರಾಯರು ಸ್ವತಃ ಎಸ್‌ಎಸ್‌ಡಿ ಕೊಂಡಿಲ್ಲ. "ಸದ್ದೇ ಮಾಡಲ್ಲ ರೀ. ಕೆಲಸ ಮಾಡ್ತಿದೆ ಅಂತ ನಂಬೋದು ಹೇಗೆ?" ಬ್ಯಾಂಕಿನಲ್ಲೂ ಸಿಬ್ಬಂದಿಯನ್ನು ಅವರು ಹೀಗೇ ಅಳೆಯುತ್ತಿದ್ದರೆಂದು ಕಾಣುತ್ತದೆ.

ಅವರ ಬೀರುವಿನಲ್ಲಿ ರೇಷ್ಮೆ ಸೀರೆಗಳನ್ನು ಒತ್ತರಿಸಿ ಡಿಸ್ಕುಗಳು ಸಾಲಾಗಿ ಕೂತಿವೆ. ಒಂದರಲ್ಲಿ 'ಬ್ಯಾಕಪ್', ಅದರೊಳಗೆ 'ಹಳೇ ಲ್ಯಾಪ್‌ಟಾಪ್ ಪೂರ್ತಿ', ಅದರೊಳಗೆ 'ಬ್ಯಾಕಪ್ ಹೊಸದು', ಅದರೊಳಗೆ ಮತ್ತೆ 'ಬ್ಯಾಕಪ್'. ಮಗಳ ನಾಮಕರಣದ ಫೋಟೋ ಎಲ್ಲ ಡಿಸ್ಕಿನಲ್ಲೂ ಇದೆ ಎಂದು ರಾಯರು ಪ್ರಮಾಣ ಮಾಡುತ್ತಾರೆ. ಬೇಕೆಂದಾಗ ಅವರ ಹೆಂಡತಿ ಆಲ್ಬಮ್ಮನ್ನೇ ತೆಗೆಯುತ್ತಾರೆ.

ಬಂದವರಿಗೆಲ್ಲ ಅವರು ಬಾಯಿಪಾಠ ಮಾಡಿಸುವುದು 3-2-1 ಸೂತ್ರ. ಪ್ರತಿ ಮೂರು, ಅವು ಇರುವ ಸಾಧನ ಎರಡು ಬಗೆಯದು, ಒಂದು ಪ್ರತಿಯಾದರೂ ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಕ್ಲೌಡನ್ನು ಅವರು ನಂಬುವುದಿಲ್ಲ. "ಮೋಡ ಅಂತ ಅವರೇ ಹೆಸರಿಟ್ಟಿದ್ದಾರೆ, ಕರಗಿದ್ರೆ ಯಾರನ್ನ ಕೇಳೋದು?" ಹಾಗಾಗಿ ದೀಪಾವಳಿಗೆ ಹೋದಾಗ ಒಂದು ಡಿಸ್ಕನ್ನು ಮೈಸೂರಿನ ಬೀಗರ ಮನೆಯಲ್ಲಿ ಬಿಟ್ಟು ಬಂದರು. ಕಂಪ್ಯೂಟರ್ ಇಲ್ಲದ ಮನೆ, ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ.

ಬೀಗರು ಅದನ್ನು ಸೆಟ್‌ಟಾಪ್ ಬಾಕ್ಸಿಗೆ ಚುಚ್ಚಿದರು. ಫಾರ್ಮ್ಯಾಟ್ ಮಾಡಲೇ ಎಂದು ಪೆಟ್ಟಿಗೆ ಕೇಳಿತು. ಸಭ್ಯರು, ಹೂಂ ಅಂದರು.

ಹೆಣ್ಣು ಕೊಟ್ಟ ಮನೆ, ರಾಯರು ಏನೂ ಆಡುವಂತಿಲ್ಲ. ಮೊನ್ನೆ ಬೀಗರೇ ಫೋನ್ ಮಾಡಿದ್ದರು. "ನೀವು ಕೊಟ್ಟ ಡಿಸ್ಕು ಬಹಳ ಚೆನ್ನಾಗಿದೆ ಕಣ್ರೀ, ಮಧ್ಯಾಹ್ನದ ಧಾರಾವಾಹಿ ಒಂದೂ ತಪ್ಪಿಲ್ಲ. ಸಂಕ್ರಾಂತಿಗೆ ಬರುವಾಗ ಇನ್ನೊಂದು ತನ್ನಿ. ಸ್ವಲ್ಪ ದೊಡ್ಡದೇ ಇರಲಿ."