ಹಿಮ್ಮಡಿಯ ಅಳತೆ

ಮುಂಡಗೋಡ ತಾಲೂಕಿನ ಯಾವ ಶಾಲಾ ಕ್ರೀಡಾಕೂಟಕ್ಕೆ ಹೋದರೂ ಮೈದಾನದ ಅಂಚಿನಲ್ಲಿ ಒಬ್ಬ ಪಂಡಿತರು ನಿಂತಿರುತ್ತಾರೆ. ನೂರು ಮೀಟರ್ ಓಟದ ಸಾಲಿನಲ್ಲಿ ಆಫ್ರಿಕ ಮೂಲದ ಸಿದ್ದಿ ಸಮುದಾಯದ ಹುಡುಗನೊಬ್ಬ ಕಂಡರೆ ಸಾಕು, ಸೀಟಿ ಊದುವ ಮೊದಲೇ ತೀರ್ಪು ಹೊರಬೀಳುತ್ತದೆ: "ಮುಗೀತ್ ಬಿಡ್ರಿ, ಅವರಿಗೆ ರಕ್ತದಾಗ ಐತಿ." ಹುಡುಗ ಗೆದ್ದರೆ ಪಂಡಿತರು ಸುತ್ತಲಿದ್ದವರತ್ತ ನೋಡಿ ತಲೆದೂಗುತ್ತಾರೆ. ನಾಲ್ಕನೆಯವನಾಗಿ ಬಂದರೆ, "ಪ್ರಾಕ್ಟೀಸ್ ಇಲ್ಲಲ್ರೀ, ಪಾಪ" ಅನ್ನುತ್ತಾರೆ. ಗೆದ್ದರೂ ಸೋತರೂ ಸುಳ್ಳಾಗದ ಇಂಥ ಸಿದ್ಧಾಂತ ಜ್ಯೋತಿಷಿಗಳಿಗೂ ದಕ್ಕಿಲ್ಲ.

ಈ ಬರಹದ ಕರ್ತೃವೂ ಅದೇ ಪಂಡಿತ ಪರಂಪರೆಯವರು. ಅವರನ್ನು ಇಲ್ಲಿ ಲೇಖಕ ಮಹಾಶಯರು ಎಂದು ಕರೆಯಲಾಗಿದೆ. ಬಹುವಚನದ ಮರ್ಯಾದೆ ಅವರಿಗೆ ಮನೆಯಲ್ಲಂತೂ ಸಿಗುವುದಿಲ್ಲ. ಜೂನ್ ತಿಂಗಳಲ್ಲಿ ಮಗಳ ಶಾಲೆಯಿಂದ ಒಂದು ಫಾರ್ಮ್ ಬಂತು. ಕರಾಟೆ, ಚೆಸ್, ಭರತನಾಟ್ಯ, ಕೀಬೋರ್ಡ್, ಅಥ್ಲೆಟಿಕ್ಸ್: ಒಂದಕ್ಕೆ ಟಿಕ್ ಹಾಕಿ ಪಾಲಕರು ಸಹಿ ಮಾಡಬೇಕು. ಬೇರೆ ಮನೆಗಳಲ್ಲಿ ಚಹಾ ಆರುವುದರೊಳಗೆ ಮುಗಿಯುವ ಕೆಲಸ. ಈ ಮನೆಯಲ್ಲಿ ಸಂಶೋಧನೆ ಶುರುವಾಯಿತು.

ಮೊದಲು ಸಿಕ್ಕವನು ಹಂಗೇರಿಯ ಲಾಸ್ಲೊ ಪೋಲ್ಗಾರ್. ಪ್ರತಿಭೆ ಹುಟ್ಟುವುದಿಲ್ಲ, ಅದನ್ನು ತಯಾರು ಮಾಡಬೇಕು ಎಂದು ಸಾಧಿಸಲು ಮೂವರು ಹೆಣ್ಣುಮಕ್ಕಳನ್ನೂ ಮನೆಯಲ್ಲೇ ಕೂರಿಸಿ ಚೆಸ್ ಕಲಿಸಿದ ಪುಣ್ಯಾತ್ಮ. ಕಿರಿಯವಳು ಜೂಡಿತ್ 1991ರಲ್ಲಿ, ಹದಿನೈದರ ಹರೆಯದಲ್ಲಿ, ಗ್ರ್ಯಾಂಡ್‌ಮಾಸ್ಟರ್ ಆದಳು. ಲೇಖಕ ಮಹಾಶಯರು ಇದನ್ನು ಕಣ್ಣರಳಿಸಿ ಹೇಳಿದಾಗ ಅವರ ಹೆಂಡತಿ, "ಅವರ ಮನ್ಯಾಗ ಅಡಗಿ ಯಾರ್ ಮಾಡ್ತಿದ್ರಂತ?" ಎಂದು ಕೇಳಿದರು. ಆ ವಿಷಯ ಅವರು ಓದಿದ ಪುಸ್ತಕದಲ್ಲಿರಲಿಲ್ಲ. ಚೆಸ್ ಅಲ್ಲಿಗೇ ಮುಗಿಯಿತು.

ಎರಡನೆಯವನು ಅಪಾಯಕಾರಿ. ಬಹಾಮಾಸ್‌ನ ಡೊನಾಲ್ಡ್ ಥಾಮಸ್ ಎತ್ತರ ಜಿಗಿತಕ್ಕೆ ಇಳಿದು ಎರಡು ವರ್ಷ ತುಂಬುವ ಮೊದಲೇ, 2007ರಲ್ಲಿ, ಒಸಾಕಾದಲ್ಲಿ ವಿಶ್ವ ಚಾಂಪಿಯನ್ ಆದ. ಸಣ್ಣಂದಿನಿಂದ ಅದನ್ನೇ ತಪಸ್ಸಿನಂತೆ ಮಾಡಿಕೊಂಡು ಬಂದಿದ್ದ, 2004ರ ಒಲಿಂಪಿಕ್ ಚಿನ್ನ ಗೆದ್ದಿದ್ದ ಸ್ವೀಡನ್ನಿನ ಸ್ಟೆಫಾನ್ ಹೋಲ್ಮ್ ಅಲ್ಲಿ ನಾಲ್ಕನೆಯವನು. ಡೇವಿಡ್ ಎಪ್‌ಸ್ಟೀನ್ ಎಂಬ ಪತ್ರಕರ್ತ 2013ರ ತಮ್ಮ ಪುಸ್ತಕದಲ್ಲಿ ಈ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತಾರೆ. ಥಾಮಸ್‌ನ ಗುಟ್ಟುಗಳಲ್ಲೊಂದು, ಹಿಮ್ಮಡಿಯನ್ನು ಮೀನಖಂಡಕ್ಕೆ ಜೋಡಿಸುವ ಸ್ನಾಯುರಜ್ಜು. ಅದು ಅವನಿಗೆ ಅಸಾಧಾರಣ ಉದ್ದವಂತೆ.

ಲೇಖಕ ಮಹಾಶಯರು ಪುಸ್ತಕ ಮಗುಚಿಟ್ಟು, ಹೊಲಿಗೆ ಮಷಿನ್ನಿನ ಡ್ರಾಯರಿನಿಂದ ಟೇಪು ಹೊರತೆಗೆದರು.

ಮಗಳನ್ನು ಜಗುಲಿಯ ಮೇಲೆ ಬೋರಲು ಮಲಗಿಸಿದರು. ರಜ್ಜು ಹಿಮ್ಮಡಿಯಲ್ಲಿ ಶುರುವಾಗುತ್ತದೆ ಎಂಬುದೇನೋ ಸರಿ, ಮುಗಿಯುವುದೆಲ್ಲಿ? ಒತ್ತಿ ನೋಡಿದರು. ಮಗಳಿಗೆ ಕಚಗುಳಿ, ಒದ್ದ ಒದೆಗೆ ಕನ್ನಡಕ ಅಂಗಳಕ್ಕೆ ಬಿತ್ತು. ಕನ್ನಡಕ ತಂದು, ಒರೆಸಿ, ಬಾಲ್‌ಪೆನ್ನಿನಿಂದ ಗುರುತು ಹಾಕಿ ಮತ್ತೆ ಅಳೆದರು. ಸಂಖ್ಯೆ ಬಂತು. ಒಂದೇ ಸಂಖ್ಯೆ ಇಟ್ಟುಕೊಂಡು ಉದ್ದವೋ ಗಿಡ್ಡವೋ ಎಂದು ಹೇಳುವುದು ಹೇಗೆ? ಹೋಲಿಕೆಗೆ ಹೆಂಡತಿಯ ಕಾಲು ಬೇಕಾಯಿತು. ಅವರು ಒಗ್ಗರಣೆಯ ನಡುವೆ ಒಂದು ಕಾಲನ್ನಷ್ಟೇ ಹಿಂದಕ್ಕೆ ಚಾಚಿ ಸಹಕರಿಸಿದರು. ಬೋಗುಣಿ ಮರಳಿಸಲು ಬಂದ ಪಕ್ಕದ ಮನೆಯ ಹುಡುಗನನ್ನೂ ಬಿಡಲಿಲ್ಲ. ತಮ್ಮದನ್ನು ಕನ್ನಡಿಯ ಮುಂದೆ ತಿರುಗಿ, ತಿರುಗಿ, ಕೊನೆಗೆ ಕುರ್ಚಿಯೊಂದಿಗೇ ಬಿದ್ದು ಅಳೆದುಕೊಂಡರು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಕೋಷ್ಟಕ ಸಿದ್ಧವಾಯಿತು. ಎತ್ತರಕ್ಕೆ ಹೋಲಿಸಿ ನೋಡಿದರೆ ಮನೆಯಲ್ಲೇ ಅತಿ ಉದ್ದದ ರಜ್ಜು ಎಪ್ಪತ್ತು ದಾಟಿದ ಅವರ ಅವ್ವನದು. ಎತ್ತರ ಜಿಗಿತಕ್ಕೆ ಹುಟ್ಟಿದ ಆ ಜೀವ ಸೊಂಟನೋವಿನ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿತು: "ತಮ್ಮಾ, ಸಂತ್ಯಾಗ ಎತ್ತು ಹಿಡಿಯೋವಾಗ ಹಿಂಗ ಕಾಲ್ ನೋಡ್ತಾರ. ಮಕ್ಕಳಿಗೂ ಹಿಂಗ ನೋಡ್ತಾರೇನು?"

ನೋಡುತ್ತಾರೆ. ಇದೇ ಸೀಮೆಯಲ್ಲಿ ನೋಡಿದ್ದಾರೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿಕೊಂಡಿತು. ರಾಜಸ್ಥಾನದ ಆದಿವಾಸಿ ಹುಡುಗ ಲಿಂಬಾ ರಾಮ್ ಬಿಲ್ಲು ಹಿಡಿದು ಒಲಿಂಪಿಕ್ಸ್‌ವರೆಗೆ ಹೋಗಿದ್ದೂ ಇದೇ ಯೋಜನೆಯಿಂದ. ಸಿದ್ದಿಗಳ ವಿಷಯದಲ್ಲಿ ಲೆಕ್ಕ ಸರಳ: ಪೂರ್ವಜರು ಆಫ್ರಿಕದವರು, ಆಫ್ರಿಕದವರು ಓಡುತ್ತಾರೆ, ಆದ್ದರಿಂದ ಇವರೂ ಓಡುತ್ತಾರೆ. ಆದರೆ ಕೀನ್ಯಾದ ದೂರದ ಓಟಗಾರರಲ್ಲಿ ಹೆಚ್ಚಿನವರು ರಿಫ್ಟ್ ಕಣಿವೆಯ ಎತ್ತರದ ಸೀಮೆಯ ಕಲೆಂಜಿನ್ ಜನ. ಜಮೈಕಾದ ವೇಗದ ಓಟಗಾರರ ಮೂಲ ಪಶ್ಚಿಮ ಆಫ್ರಿಕ. ನಮ್ಮ ಸಿದ್ದಿಗಳ ಪೂರ್ವಜರು ಬಂಟು ಭಾಷಿಕರು, ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಹಲವರು. 2011ರ ಅನುವಂಶೀಯ ಅಧ್ಯಯನವೊಂದು ಅವರಲ್ಲಿ ಆಫ್ರಿಕದ ಜತೆಗೆ ಭಾರತೀಯ, ಯುರೋಪಿಯನ್ ಬೆರಕೆಯನ್ನೂ ಗುರುತಿಸಿತು. ಇಡೀ ಖಂಡವನ್ನು ಒಂದೇ ಓಣಿ ಎಂದುಕೊಂಡವರಿಗೆ ಇದೆಲ್ಲ ಯಾಕೆ ಬೇಕು!

ಊಹೆ ಒರಟಾಗಿದ್ದರೂ ತರಬೇತಿ ನಿಜವಾದದ್ದು. ಹಾಸ್ಟೆಲ್, ಹೊಟ್ಟೆತುಂಬ ಊಟ, ಬೂಟು, ಕೋಚ್ ಎಲ್ಲ ಸಿಕ್ಕಿದವು. ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ರಾಷ್ಟ್ರಮಟ್ಟದ ಪದಕ ತಂದರು, ಜೂಜೆ ಜಾಕಿ ಹರ್ನೋಡ್ಕರ್ ಓಟದಲ್ಲಿ ಹೆಸರು ಮಾಡಿದರು. 1990ರ ದಶಕದ ಆರಂಭದಲ್ಲಿ ಸಿದ್ದಿಗಳ ಮಟ್ಟಿಗೆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದ ನೌಕರಿ ಸಿಕ್ಕಿತ್ತು. ಉಳಿದವರು ಹಳೆಯ ಹೊಲ, ಹಳೆಯ ಕೂಲಿಗೆ ಮರಳಿದರು. ರಕ್ತ ಅದೇ ಇತ್ತು. ಊಟವೂ ಕೋಚೂ ಇರಲಿಲ್ಲ. ಆಗ ಮೈದಾನದ ಅಂಚಿನ ಪಂಡಿತರು ಏನೆಂದರೋ ಗೊತ್ತಿಲ್ಲ.

ಪಕ್ಕದ ಹಳಿಯಾಳದಲ್ಲಿ ಕಥೆ ಬೇರೆ. ಅದು ಕುಸ್ತಿಯ ಊರು. ಮಟ್ಟಿ ಇದೆ, ಉಸ್ತಾದರಿದ್ದಾರೆ, ಕ್ರೀಡಾ ಹಾಸ್ಟೆಲ್ ಇದೆ. ಅಲ್ಲಿನ ಸಿದ್ದಿ ಹುಡುಗಿಯರಾದ ಲೀನಾ, ಶಾಲಿನಾ ರಾಷ್ಟ್ರಮಟ್ಟದ ಕುಸ್ತಿಪಟುಗಳಾದರು. ಆಫ್ರಿಕಕ್ಕೂ ಕುಸ್ತಿಗೂ ಗಂಟುಹಾಕುವ ಸಿದ್ಧಾಂತವನ್ನು ಇಲ್ಲಿ ಯಾರೂ ಮಂಡಿಸಿರಲಿಲ್ಲ. ಯಲ್ಲಾಪುರದ ಮಂಚೀಕೇರಿಗೆ 1980ರ ದಶಕದಲ್ಲಿ ರಂಗಸಂಸ್ಥೆ ನೀನಾಸಮ್ ಬಂತು. ನೈಜೀರಿಯಾದ ಲೇಖಕ ಚಿನುವ ಅಚೀಬೆಯ ಕಾದಂಬರಿಯನ್ನು ನಾಟಕ ಮಾಡಿ ಸಿದ್ದಿಗಳೇ ಆಡಿದರು, ಮುಂದೆ ಆ ಸಮುದಾಯದಿಂದ ಒಳ್ಳೆಯ ನಟನಟಿಯರು ಬಂದರು. ಮುಂಡಗೋಡದಲ್ಲಿ ಕೆಲವು ವರ್ಷಗಳಿಂದ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮಕ್ಕಳನ್ನು ಓಡಿಸುತ್ತಿದೆ. ಅಲ್ಲಿಂದ ಬಂದ ವೇಗದ ಓಟಗಾರ್ತಿ ನಯನಾ ಕೊಕರೆ ಸಿದ್ದಿಯಲ್ಲ, ಎಮ್ಮೆ ಸಾಕುವ ಗೌಳಿಗರ ಹುಡುಗಿ. ಪಂಡಿತರು ಇದಕ್ಕೂ ಒಂದು ರಕ್ತ ಹುಡುಕಿಯಾರು.

ಇಷ್ಟು ತಿಳಿದ ಮೇಲೂ ಲೇಖಕ ಮಹಾಶಯರು ಒಂದು ಕರಪತ್ರ ಹಿಡಿದು ಹುಬ್ಬಳ್ಳಿಗೆ ಹೊರಡುವವರಿದ್ದರು. ಹತ್ತು ಬೆರಳಿನ ಅಚ್ಚು ತೆಗೆದು ಮಗುವಿನ ಹುಟ್ಟುಪ್ರತಿಭೆ ಹೇಳುತ್ತಾರಂತೆ, ಸಾವಿರಾರು ರೂಪಾಯಿಗೆ. ಬೆರಳಚ್ಚಿನಿಂದ ಕಳ್ಳನನ್ನು ಹಿಡಿಯಬಹುದು. ಪ್ರತಿಭೆಯನ್ನು ಹಿಡಿಯಲು ಬರುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರ ಏನೇನೂ ಇಲ್ಲ. ಆಟದ ಮಾಸ್ತರರೇ ಇಲ್ಲದ ಶಾಲೆಗಳಿರುವ ಜಿಲ್ಲೆಯಲ್ಲಿ ಈ ಅಂಗಡಿಗೆ ಗಿರಾಕಿಗಳಿದ್ದಾರೆ ಎಂಬುದು ಸಿಟ್ಟು ಬರಿಸುವ ಮಾತು. ಮಹಾಶಯರನ್ನು ತಡೆದದ್ದು ವಿಜ್ಞಾನವಲ್ಲ, ಬಸ್ ತಪ್ಪಿದ್ದು.

ಬಸ್ ತಪ್ಪಿದ ಭಾನುವಾರ ಮಗಳನ್ನು ಕರೆದುಕೊಂಡು ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದರು. 1966ರಲ್ಲಿ ಶುರುವಾದ ವಸತಿ. ಗಾದೆನ್, ಡ್ರೆಪುಂಗ್ ಮಠಗಳಲ್ಲಿ ಚಿಕ್ಕ ಹುಡುಗರೂ ಅಂಗಳದಲ್ಲಿ ತರ್ಕ ಕಲಿಯುತ್ತಾರೆ. ಕೂತವನು ಉತ್ತರಿಸಬೇಕು, ನಿಂತವನು ಪ್ರಶ್ನೆ ಎಸೆದು, ಎಡಗಾಲು ನೆಲಕ್ಕೆ ಅಪ್ಪಳಿಸಿ, ಚಟ್ಟನೆ ಕೈ ತಟ್ಟುತ್ತಾನೆ. ಮಠದ ಉನ್ನತ ಪದವಿ ಗೆಶೆಯ ಹೊತ್ತಿಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ. ನಿನಗೆ ತರ್ಕದ ಹುಟ್ಟುಪ್ರತಿಭೆ ಇದೆಯೇ ಎಂದು ಯಾರೂ ಯಾರ ಬೆರಳನ್ನೂ ನೋಡುವುದಿಲ್ಲ.

ಮಗಳು ಅದನ್ನು ಒಂದೇ ಸಂಜೆಗೆ ಕಲಿತು ಮನೆಗೆ ತಂದಳು. ಅಪ್ಪನನ್ನು ಜಗುಲಿಯಲ್ಲಿ ಕೂರಿಸಿದಳು.

"ಆ ಸ್ವೀಡನ್ನಿನವಗ ಜಿಗಿಯೂದು ಕಲಿಸಿದವ್ರು ಯಾರು?" ಕಾಲು ಅಪ್ಪಳಿಸಿತು, ಚಪ್ಪಾಳೆ ಬಿತ್ತು.

"ಅವರಪ್ಪ." ಅದು ನಿಜ, ಹೋಲ್ಮ್‌ನ ಕೋಚ್ ಅವನ ತಂದೆಯೇ.

"ಹಂಗಾದ್ರ ನಿನಗ ಜಿಗಿಯಾಕ ಬರ್ತೈತೇನಪಾ?"

ಉತ್ತರ ತಡವಾದಷ್ಟೂ ಚಪ್ಪಾಳೆಯ ಸದ್ದು ಜೋರಾಯಿತು. ಅಜ್ಜಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಒಂದು ತುದಿ ಹಿಡಿದರು, ಇನ್ನೊಂದು ತುದಿ ಸೊಸೆಯ ಕೈಗೆ ಹೋಯಿತು. ಲೇಖಕ ಮಹಾಶಯರು ಲುಂಗಿ ಎತ್ತಿ ಕಟ್ಟಿ, ತುಳಸಿಕಟ್ಟೆಯವರೆಗೆ ಹಿಂದೆ ಸರಿದು, ಹಗ್ಗವನ್ನೂ ತಮ್ಮ ಮೊಣಕಾಲನ್ನೂ ಒಮ್ಮೆ ನೋಡಿಕೊಂಡರು.

"ಅವ್ವಾ, ಇನ್ನಷ್ಟು ಕೆಳಗ ಹಿಡಿ."