ಚಿತ್ತಕಸ ವಿಲೇವಾರಿ ಮೀಮಾಂಸೆ

ತಲೆಯೊಳಗೆ ಕಸ ಉಂಟೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂಬುದು ಪೂರ್ವಪಕ್ಷ. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್‌ಸ್ಟಾಪಿನವರೆಗೆ ನಡೆದ ಮೇಲೆ ‘ಗ್ಯಾಸ್ ಆಫ್ ಮಾಡಿದೆನಾ?’ ಎಂದು ಗಕ್ಕನೆ ನಿಲ್ಲದ ಮನುಷ್ಯ ಒಬ್ಬನಿದ್ದರೂ ಪೂರ್ವಪಕ್ಷ ಗೆಲ್ಲುತ್ತಿತ್ತು. ಅಂಥವನು ಸಿಗಲಿಲ್ಲವಾದ್ದರಿಂದ ಕಸ ಉಂಟೆಂಬುದೇ ಸಿದ್ಧಾಂತ. ಪತಂಜಲಿ ಮಹರ್ಷಿಗಳು ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ ಎಂದು ಐದೇ ಚಿತ್ತವೃತ್ತಿಗಳನ್ನು ಎಣಿಸಿ ಲೆಕ್ಕ ಮುಗಿಸಿದರು. ಅವರ ಆಶ್ರಮಕ್ಕೆ ಸಿಲಿಂಡರ್ ಬರುತ್ತಿರಲಿಲ್ಲ. ಬಂದಿದ್ದರೆ ಈ ಬಸ್‌ಸ್ಟಾಪ್ ವೃತ್ತಿ ಆರನೆಯದಾಗಿ ಸೇರುತ್ತಿತ್ತೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಕಸದ ವಿಂಗಡಣೆಯಂತೂ ಬೆಂಗಳೂರಿನವರಿಗೆ ಬಾಯಿಪಾಠ. ಹಸಿ ಕಸ: ನಿನ್ನೆ ಆಫೀಸಿನಲ್ಲಿ ಮೇಲಿನವರು ಅಂದ ಮಾತು, ಮತ್ತು ಅದಕ್ಕೆ ಆಗ ಹೊಳೆಯದೆ ಇವತ್ತು ಬಚ್ಚಲುಮನೆಯಲ್ಲಿ ಹೊಳೆದ ತಕ್ಕ ಉತ್ತರ. ಒಣ ಕಸ: ಎಂದೋ ಯಾರದೋ ಮದುವೆಯಲ್ಲಿ ಹೋಳಿಗೆ ಬಡಿಸುವವನು ಸಾಲಿನಲ್ಲಿ ನಮ್ಮ ಎಲೆಯೊಂದನ್ನೇ ದಾಟಿ ಹೋದದ್ದು. ಇದು ಕೊಳೆಯುವುದಿಲ್ಲ, ನಾರುವುದಿಲ್ಲ, ಜಾಗ ಮಾತ್ರ ಬಿಡುವುದಿಲ್ಲ. ಮೂರನೆಯದು, ಬೇರೆ ಚೀಲದಲ್ಲೇ ಕೊಡಬೇಕಾದದ್ದು, ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಕೂರಿಸುವಂಥದ್ದು. ಅದರ ವಿವರಕ್ಕಿಳಿಯುವುದು ಪ್ರಬಂಧದ ಮರ್ಯಾದೆಗೆ ಸಲ್ಲದು.

ಇನ್ನು ತೊಟ್ಟಿಯ ಗಾತ್ರ. ಮನುಷ್ಯ ಒಂದು ಹೊತ್ತಿಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಏಳು ಸಂಗತಿ, ಎರಡು ಹೆಚ್ಚು ಅಥವಾ ಎರಡು ಕಡಿಮೆ, ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನೂ ನಾಲ್ಕಕ್ಕೆ ಇಳಿಸಿದರು. ಇಬ್ಬರೂ ಬೆಳಗಿನ ಏಳೂವರೆಗೆ ನಮ್ಮ ಕಡೆಯ ಅಡುಗೆಮನೆ ಕಂಡವರಲ್ಲ. ಕುಕ್ಕರಿನ ಮೂರನೇ ವಿಷಲ್ಲು, ಉಕ್ಕಲು ಹೊಂಚು ಹಾಕಿರುವ ಹಾಲು, ಸಂಪಿನಿಂದ ನೀರೇರಿಸುತ್ತಿರುವ ಮೋಟರು, ಮಗಳ ಒಂಟಿ ಸಾಕ್ಸು, ಸ್ಕೂಲ್ ವ್ಯಾನಿನ ಹಾರನ್ನು, ಅತ್ತೆಯವರ ಬಿ.ಪಿ. ಮಾತ್ರೆ, ಏಕಾದಶಿ ಇವತ್ತೋ ನಾಳೆಯೋ ಎಂಬ ವಿಚಾರ, ಇಷ್ಟನ್ನೂ ಹೊತ್ತು ನಿಂತ ತಲೆಯೊಂದು, ಹೊರಗೆ ಪೇಪರ್ ಓದುತ್ತಿರುವ ಇನ್ನೊಂದು ತಲೆ ‘ನನ್ನ ಬೈಕ್ ಕೀ ಎಲ್ಲೇ?’ ಎಂದು ಕೂಗಿದರೆ ತಿರುಗಿಯೂ ನೋಡದೆ ‘ಫ್ರಿಜ್ ಮೇಲೆ’ ಎನ್ನುತ್ತದೆ. ಮಿಲ್ಲರರ ಏಳೂ ಆಯಿತು, ಎಂಟನೆಯದೂ ಆಯಿತು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ವಿಲೇವಾರಿಯ ಮೊದಲ ಉಪಾಯ ಬರೆದಿಡುವುದು. ಇದರ ಶಾಸ್ತ್ರಾಧಾರ ಹೋಟೆಲಿನಲ್ಲಿದೆ. ಬಿಲ್ಲು ಬಾಕಿಯಿರುವ ಮೇಜಿನ ಲೆಕ್ಕವೆಲ್ಲ ಮಾಣಿಗೆ ನೆನಪಿರುತ್ತದೆ, ದುಡ್ಡು ಕೈಗೆ ಬಂದ ಮೇಲೆ ಮರೆತುಹೋಗುತ್ತದೆ ಎಂಬುದು ಬರ್ಲಿನ್ನಿನ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ನರ ಕಣ್ಣಿಗೆ ಬಿತ್ತಂತೆ. ಅವರ ಶಿಷ್ಯೆ ಬ್ಲೂಮಾ ಝೈಗಾರ್ನಿಕ್ ಪ್ರಯೋಗ ನಡೆಸಿ, ಅರ್ಧಕ್ಕೆ ನಿಂತ ಕೆಲಸವೇ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂದು 1927ರಲ್ಲಿ ಪ್ರಕಟಿಸಿದರು. ಉದ್ರಿ ಕೊಟ್ಟವನ ನೆನಪಿಗೂ ತೆಗೆದುಕೊಂಡವನ ನೆನಪಿಗೂ ಇರುವ ಅಂತರ ನಮ್ಮ ಕಿರಾಣಿ ಅಂಗಡಿಯವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಜರ್ಮನ್ ಬಾರದೆ ಕೀರ್ತಿ ತಪ್ಪಿತು. ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ, ಎಲ್ಲಿ, ಹೇಗೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಅದರ ಕಾಟ ನಿಲ್ಲುತ್ತದೆಂದು ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದರು. ‘ಮುಂದಿನ ಸೋಮವಾರದಿಂದ ವಾಕಿಂಗ್’ ಎಂದು ತೀರ್ಮಾನಿಸಿದವರ ಮುಖದಲ್ಲಿ ಭಾನುವಾರ ಕಾಣುವ ಕಾಂತಿಯ ಮೂಲ ಇದೇ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನ ಯುವಕ ಯುವತಿಯರನ್ನು ಮಲಗುವ ಮುಂಚೆ ಐದು ನಿಮಿಷ ಬರೆಯಲು ಕೂರಿಸಿದರು. ಮುಂದೆ ಮಾಡಬೇಕಾದ ಕೆಲಸದ ಪಟ್ಟಿ ಬರೆದವರಿಗೆ, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮೊದಲೇ ನಿದ್ದೆ ಹತ್ತಿತೆಂದು 2018ರಲ್ಲಿ ವರದಿಯಾಯಿತು. ಮಾಡಿದ್ದರ ಪಟ್ಟಿ ಹೇಳಿಕೊಂಡು ಮಲಗುವ ರಾಜಕಾರಣಿಗಳು ಗಮನಿಸಬೇಕು.

ಹೀಗೆ ಬರೆದಿಡಲು ನಮ್ಮಲ್ಲಿರುವ ಉಪಕರಣ ಗೋಡೆ ಕ್ಯಾಲೆಂಡರು. ಹಾಲು ಬೇಡವೆಂದ ದಿನಕ್ಕೊಂದು ಅಡ್ಡಗೆರೆ, ಸಿಲಿಂಡರ್ ಬಂದ ದಿನಕ್ಕೊಂದು ಸೊನ್ನೆ, ಚೀಟಿ ಕಟ್ಟುವ ತಾರೀಖಿಗೆ ಕೆಂಪು ಸುತ್ತು. ಯಮನಂಥ ಯಮನೇ ನೆನಪನ್ನು ನಂಬದೆ ಚಿತ್ರಗುಪ್ತನನ್ನು ಲೆಕ್ಕಕ್ಕೆ ಇಟ್ಟುಕೊಂಡಿರುವಾಗ ನಮ್ಮದೇನು?

ಎರಡನೆಯ ಉಪಾಯ ಕೈಗೆ ಕೆಲಸ ಕೊಡುವುದು. ಮಲೆನಾಡಿನವರ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಮನಸ್ಸು ಅಲೆದರೆ ಬೆರಳು ಹೋಗುತ್ತದೆ. ಏಕಾಗ್ರತೆಗೆ ಅದಕ್ಕಿಂತ ಕಟ್ಟುನಿಟ್ಟಿನ ಗುರುವಿಲ್ಲ. ಆದರೆ ಸಾಧಾರಣ ಸಾಧಕರಿಗೆ ಬಯಲುಸೀಮೆಯ ಹಿತಕಿದ ಬೇಳೆಯೇ ಕ್ಷೇಮ. ಕಾಲ: ಮಾಗಿ, ಸೊಗಡು ಇಳಿಯುವ ಮುನ್ನ. ವಿಧಾನ: ಅವರೆಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಪೇಪರ್ ಹಾಸಿಕೊಂಡು ಸುತ್ತ ಕೂರುವುದು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಬೇಕು. ಮೆಲ್ಲಗೆ ಒತ್ತಿದರೆ ಏನೂ ಆಗದು, ಜೋರಾಗಿ ಒತ್ತಿದರೆ ಬೇಳೆ ಚಿಮ್ಮಿ ಟೀವಿಗೆ ತಾಗಿ ಸೋಫಾದ ಅಡಿ ಸೇರುತ್ತದೆ. ಎರಡರ ನಡುವಿನ ಒತ್ತಡ ಕೈಗೆ ಹತ್ತಿದಾಗ ಬೇಳೆ ‘ಪುಳಕ್’ ಎಂದು ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಿಗಂಟಿಕೊಂಡು ಉಳಿಯುತ್ತದೆ. ಬೆರಳ ತುದಿ ಸುಕ್ಕಾಗಿ, ಉಗುರಿನ ಸಂದಿಗೆ ಸೊಗಡು ಹಿಡಿಯುವ ಹೊತ್ತಿಗೆ ಮೇಲಿನವರು ಅಂದ ಮಾತೂ, ಬಚ್ಚಲುಮನೆಯ ಉತ್ತರವೂ ಮರೆತಿರುತ್ತವೆ. ಹೋಳಿಗೆಯ ವಿಷಯ ಮರೆಯುವುದಿಲ್ಲ. ಅದು ತೊಗರಿಕಾಯಿಯಿಂದಲೂ ಆಗದು. ಮೌನವಾಗಿ ಒಂದೇ ಕಡೆ ಗಮನವಿಡುವುದನ್ನು ಫೋನಿನಲ್ಲಿ ವರ್ಷದ ಚಂದಾ ಪಡೆದು ಕಲಿಸುವವರಿದ್ದಾರೆ. ಆದರೆ ಪಾಠ ಮುಗಿದ ಮೇಲೆ ಅಲ್ಲಿ ಸಾರಿಗೆ ಹಾಕಲು ಏನೂ ಉಳಿದಿರುವುದಿಲ್ಲ.

ಮೂರನೆಯ ಉಪಾಯವೇ ಲೋಕದಲ್ಲಿ ಅತ್ಯಂತ ರೂಢಿಯಲ್ಲಿರುವುದು, ಶಾಸ್ತ್ರಕಾರರು ಮಾತ್ರ ಬಾಯಿಬಿಡದೆ ಜಾರಿಕೊಂಡದ್ದು. ನಮ್ಮ ಮೀಮಾಂಸೆ ಇಲ್ಲಿ ಒಂದು ನಿಯಮವನ್ನು ಪ್ರತಿಪಾದಿಸುತ್ತದೆ: ಚಿತ್ತಕಸಕ್ಕೆ ನಾಶವಿಲ್ಲ, ಇನ್ನೊಂದು ತಲೆಗೆ ವರ್ಗಾವಣೆಯಷ್ಟೇ ಉಂಟು. ವ್ಯಾಸರು ಲಕ್ಷ ಶ್ಲೋಕ ಹೇಳಿ ಹಗುರಾದರು, ದಂತ ಮುರಿದುಕೊಂಡವನು ಗಣಪತಿ. ರಾತ್ರಿ ಹತ್ತೂವರೆಗೆ ದೀಪ ಆರಿಸುತ್ತಾ ಗಂಡ ‘ಲೇ, ನಾಳೆ ಇನ್ಶೂರೆನ್ಸ್ ಕಟ್ಟಬೇಕು, ನೆನಪು ಮಾಡೇ’ ಎನ್ನುತ್ತಾನೆ. ಅಷ್ಟೇ. ಬೇಲರಿನವರ ಐದು ನಿಮಿಷವೂ ಬೇಡ, ಕಾಗದವೂ ಬೇಡ, ಗೊರಕೆ ಶುರು. ಪಕ್ಕದಲ್ಲಿ ಮಾತ್ರ ಇನ್ನೊಂದು ಜೊತೆ ಕಣ್ಣು ಫ್ಯಾನು ನೋಡುತ್ತಾ ಇನ್ಶೂರೆನ್ಸಿನ ಹಿಂದೆಯೇ ನೆನಪಾದ ಕರೆಂಟ್ ಬಿಲ್ಲು, ಮಗಳ ಪ್ರಾಜೆಕ್ಟಿಗೆ ಥರ್ಮೋಕೋಲು, ನಾದಿನಿಯ ಸೀಮಂತಕ್ಕೆ ಸೀರೆ ಎಣಿಸುತ್ತಿರುತ್ತದೆ.

ಅಲ್ಲಿಂದ ಮುಂದೆ ಈ ಕಸ ಎಲ್ಲಿಗೆ ಹೋಗುತ್ತದೆ? ಕೊಂಚ ಭಾಗ ಪಾತ್ರೆ ತೊಳೆಯುವಾಗಿನ ಸದ್ದಾಗಿ ಹೊರಬೀಳುತ್ತದೆ; ತಟ್ಟೆಗಿಂತ ಬಾಣಲೆಯಲ್ಲಿ ಹೆಚ್ಚು. ಉಳಿದದ್ದು ಮಧ್ಯಾಹ್ನ ಫೋನಿನಲ್ಲಿ ತಂಗಿಗೆ, ತಂಗಿಯಿಂದ ಅಮ್ಮನಿಗೆ, ಅಮ್ಮನಿಂದ ಊರಿನ ದೊಡ್ಡಮ್ಮನಿಗೆ. ಇಡೀ ವಂಶದ ಕಸವನ್ನು ಕಿವಿಯಲ್ಲಿ ತುಂಬಿಕೊಂಡು, ಎಲೆ ಅಡಿಕೆ ಜಗಿಯುತ್ತಾ, ‘ಹೋಗ್ಲಿ ಬಿಡವ್ವ’ ಎನ್ನುವ ದೊಡ್ಡಮ್ಮ ಪ್ರತಿ ಮನೆತನಕ್ಕೂ ಒಬ್ಬರಿದ್ದಾರೆ. ಬೆಂಗಳೂರಿನ ಕಸ ಹೊತ್ತ ಲಾರಿಗಳು ವರ್ಷಗಟ್ಟಲೆ ಹೋಗುತ್ತಿದ್ದದ್ದು ಮಂಡೂರಿಗೆ. 2014ರಲ್ಲಿ ಮಂಡೂರಿನವರು ರಸ್ತೆಗಿಳಿದು ಸಾಕು ಎಂದರು. ದೊಡ್ಡಮ್ಮಂದಿರು ಇನ್ನೂ ಅಂದಿಲ್ಲ.

ಆದ್ದರಿಂದ ವಿಧಿ ಹೀಗಿದೆ. ಗೃಹಸ್ಥನು ‘ನೆನಪು ಮಾಡು’ ಎಂಬ ಮಾತು ನಾಲಿಗೆಯ ತುದಿಗೆ ಬಂದೊಡನೆ ಅದನ್ನು ನುಂಗಿ, ಎದ್ದು, ಕ್ಯಾಲೆಂಡರಿನ ಬಳಿ ನಡೆದು, ತಾನೇ ಬರೆಯತಕ್ಕದ್ದು. ಪೆನ್ಸಿಲ್ ಎಲ್ಲಿದೆ ಎಂದು ಕೂಗಿ ಕೇಳತಕ್ಕದ್ದಲ್ಲ. ಕೇಳಿದವನಿಗೆ ಎರಡು ಕೆ.ಜಿ. ಅವರೆಕಾಯಿ ಸುಲಿದು, ನೆನೆಸಿ, ಹಿತಕುವುದು ಪ್ರಾಯಶ್ಚಿತ್ತ. ಅಕಾಲದಲ್ಲಿ ತಪ್ಪೆಸಗಿದವನು ಮಾಗಿ ಬರುವವರೆಗೆ ಬೆಳ್ಳುಳ್ಳಿ ಬಿಡಿಸತಕ್ಕದ್ದು.